ಹುಟ್ಟಲಿರುವ ಮಗು ಮತ್ತು ಮನೆಯೊಳಗಿನ ಹೊಗೆ

ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದಲ್ಲಿರುವ (ಹಿಂದಿನ ಔರಂಗಾಬಾದ್) ಚಿಕಲಠಾಣಾ ಒಂದು ಹೆಸರಾಂತ ಕೈಗಾರಿಕಾ ಪ್ರದೇಶ. ಇಂತಹ ಪ್ರದೇಶಗಳಲ್ಲಿ ಊರು ಬಿಟ್ಟು ಬಂದ ಶ್ರಮಿಕ ಕುಟುಂಬಗಳು ಅನೇಕ ವೇಳೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ವಾಸಿಸುತ್ತವೆ. ಅಡಿಗೆ, ಊಟ, ನಿದ್ರೆ ಎಲ್ಲವೂ ಅಲ್ಲಿಯೇ. ಪಾಳಿ ಮುಗಿಸಿ ದಣಿದು ಬಂದ ಯಜಮಾನನು ಅಲ್ಲಿ ಬೀಡಿ ಹೊತ್ತಿಸಿದರೆ, ಪಕ್ಕದಲ್ಲಿ ಕುಳಿತ ಗರ್ಭಿಣಿಯೂ ಅದೇ ಹೊಗೆಯನ್ನು ಉಸಿರಾಡುತ್ತಾಳೆ. ಆಕೆ ಬೀಡಿಯನ್ನು ಕೈಯಿಂದ ಮುಟ್ಟದಿದ್ದರೂ ಗರ್ಭದಲ್ಲಿರುವ ಶಿಶುವಿಗೆ ಅದರ ಪಾಲು ತಲುಪುತ್ತದೆ. ಇದನ್ನೇ ಪರೋಕ್ಷ ಧೂಮಪಾನವೆಂದು ಕರೆಯುತ್ತಾರೆ.

2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ಪುರುಷರಲ್ಲಿ ಶೇ. 19ರಷ್ಟು ಮಂದಿ ಧೂಮಪಾನಿಗಳಾಗಿದ್ದರೆ, ಸ್ತ್ರೀಯರಲ್ಲಿ ಕೇವಲ ಶೇ. 2ರಷ್ಟು ಮಂದಿ ಧೂಮಪಾನಿಗಳಾಗಿದ್ದರು. ಆದರೆ ವಯಸ್ಕರಲ್ಲಿ ಶೇ. 38.7ರಷ್ಟು ಮಂದಿ ತಮ್ಮ ಮನೆಯಲ್ಲಿಯೇ ಪರರ ಹೊಗೆಗೆ ಒಳಗಾಗುತ್ತಿದ್ದರು. ಆದುದರಿಂದ ನಮ್ಮ ದೇಶದಲ್ಲಿ ಈ ಪಾಠವು ತಾಯಿಗಿಂತ ಮೊದಲು ತಂದೆಗೆ ಸಲ್ಲತಕ್ಕದ್ದು.

ಹೊಗೆ ಶಿಶುವನ್ನು ಮುಟ್ಟುವ ಬಗೆ

ಗರ್ಭಸ್ಥ ಶಿಶುವಿಗೆ ಪ್ರಾಣವಾಯುವೂ ಆಹಾರವೂ ತಾಯಿಯ ರಕ್ತದಿಂದ, ಮಾಸು ಮತ್ತು ಹೊಕ್ಕುಳಬಳ್ಳಿಯ ಮೂಲಕ ಒದಗುತ್ತವೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲವು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಂಡು, ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಹೀಗೆ ಶಿಶುವಿಗೆ ದೊರೆಯುವ ರಕ್ತವೂ ಕಡಿಮೆ, ಆ ರಕ್ತದಲ್ಲಿರುವ ಆಮ್ಲಜನಕವೂ ಕಡಿಮೆ.

ನವಜಾತ ಶಿಶುವಿನ ಮೇಲಿನ ಪರಿಣಾಮಗಳು

ಧೂಮಪಾನ ಮಾಡುವ ತಾಯಂದಿರ ಶಿಶುಗಳು ಸರಾಸರಿ ಸುಮಾರು 200 ಗ್ರಾಂ ಕಡಿಮೆ ತೂಗುತ್ತವೆ. ಅವಧಿಗೆ ಮುನ್ನ ಹೆರಿಗೆ, ಗರ್ಭಪಾತ ಮತ್ತು ಮೃತ ಶಿಶು ಜನನದ ಸಂಭವವೂ ಹೆಚ್ಚುತ್ತದೆ. ಪರೋಕ್ಷ ಧೂಮಪಾನದಿಂದ ತೂಕದಲ್ಲಾಗುವ ಇಳಿಕೆ ಇದಕ್ಕಿಂತ ಅಲ್ಪವಾದರೂ, ಮೊದಲೇ ರಕ್ತಹೀನತೆಯಿಂದ ಬಳಲುವ ತಾಯಿಯ ಮಗುವಿಗೆ ಆ ಅಲ್ಪವೂ ಹೊರೆಯೇ. ಜನನದ ನಂತರವೂ ಹೊಗೆ ಮುಂದುವರಿದರೆ ಶ್ವಾಸಕೋಶದ ಸೋಂಕು, ಕಿವಿಯ ಸೋಂಕು, ಉಬ್ಬಸ ಹಾಗೂ ನಿದ್ರೆಯಲ್ಲಿಯೇ ಸಂಭವಿಸುವ ಹಠಾತ್ ಮರಣದ ಅಪಾಯ ಅಧಿಕವಾಗುತ್ತದೆ.

"ಮಗು ಚಿಕ್ಕದಾದರೆ ಹೆರಿಗೆ ಸುಲಭ" ಎಂಬ ಮಾತು ಕೆಲವೆಡೆ ಕೇಳಿಬರುವುದುಂಟು. ಇದು ತಪ್ಪು ತಿಳಿವಳಿಕೆ. 2,500 ಗ್ರಾಂಗಿಂತ ಕಡಿಮೆ ತೂಕದ ಶಿಶುವಿಗೆ ದೇಹದ ಶಾಖವನ್ನು ಕಾಯ್ದುಕೊಳ್ಳುವುದೂ ರೋಗಗಳನ್ನು ಎದುರಿಸುವುದೂ ಕಷ್ಟ.

ಹೊಗೆಯಿಲ್ಲದ ತಂಬಾಕು

ಮಹಾರಾಷ್ಟ್ರದಲ್ಲಿ ಹುರಿದು ಪುಡಿ ಮಾಡಿದ ತಂಬಾಕಿನ 'ಮಿಶ್ರಿ'ಯಿಂದ ಹಲ್ಲುಜ್ಜುವ ಸ್ತ್ರೀಯರಿದ್ದಾರೆ. ಕರ್ನಾಟಕದಲ್ಲಿ ಎಲೆಯಡಿಕೆಯೊಡನೆ ಕಡ್ಡಿಪುಡಿ, ಹೊಗೆಸೊಪ್ಪು ಮೆಲ್ಲುವವರಿದ್ದಾರೆ. ಹೊಗೆಯಿಲ್ಲವಾದ್ದರಿಂದ ಹಾನಿಯಿಲ್ಲವೆಂದು ಭಾವಿಸಲಾಗದು. ಮುಂಬಯಿಯಲ್ಲಿ 1,217 ಸ್ತ್ರೀಯರನ್ನು ಕುರಿತು ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವು, ಇಂತಹ ತಂಬಾಕನ್ನು ಬಳಸಿದವರ ಶಿಶುಗಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿದ್ದುದನ್ನೂ, ಗರ್ಭಾವಧಿ ಸುಮಾರು 6 ದಿನ ಮೊಟಕಾದುದನ್ನೂ ತೋರಿಸಿದೆ.

ನಾವು ಮಾಡಬೇಕಾದುದೇನು?

* ಮನೆಯೊಳಗೆ ಯಾರೂ, ಅತಿಥಿಗಳೂ ಸಹ, ಧೂಮಪಾನ ಮಾಡಕೂಡದು. ಕಿಟಕಿ ತೆರೆಯುವುದರಿಂದ ಅಥವಾ ಫ್ಯಾನ್ ಹಾಕುವುದರಿಂದ ಹೊಗೆಯ ವಿಷ ಪೂರ್ಣವಾಗಿ ತೊಲಗುವುದಿಲ್ಲ.
* ಹಿರಿಯರಿಗೆ ಹೇಳಲು ಸೊಸೆಯಾದವಳು ಸಂಕೋಚಪಡುವುದು ಸಹಜ. ಆ ಮಾತನ್ನು ಪತಿ, ಅತ್ತೆ ಅಥವಾ ಆಶಾ ಕಾರ್ಯಕರ್ತೆ ಹೇಳುವುದು ಉಚಿತ.
* ಗರ್ಭಿಣಿಯು ತಂಬಾಕು ಬಳಸುತ್ತಿದ್ದರೆ ವೈದ್ಯರಿಂದ ಮುಚ್ಚಿಡಬಾರದು. ಯಾವ ತಿಂಗಳಲ್ಲಿ ಬಿಟ್ಟರೂ ಶಿಶುವಿಗೆ ಪ್ರಯೋಜನವುಂಟು. ಬೇಗ ಬಿಟ್ಟಷ್ಟೂ ಹೆಚ್ಚು ಲಾಭ.
* ತಂಬಾಕು ಬಿಡಲು ನೆರವು ಬೇಕಾದವರು 1800-11-2356 ಎಂಬ ರಾಷ್ಟ್ರೀಯ ಶುಲ್ಕರಹಿತ ದೂರವಾಣಿಯನ್ನು ಸಂಪರ್ಕಿಸಬಹುದು.

ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು 2003ರ ಕಾಯಿದೆ ನಿಷೇಧಿಸಿದೆ. ಆದರೆ ಮನೆಯ ಹೊಸ್ತಿಲೊಳಗೆ ಆ ಕಾಯಿದೆ ಬರುವುದಿಲ್ಲ. ಅಲ್ಲಿ ಶಿಶುವನ್ನು ಕಾಯಬೇಕಾದವರು ಮನೆಯವರೇ. ತೊಟ್ಟಿಲು ಕಟ್ಟುವ ಮೊದಲು ಬೀಡಿಯ ಕಟ್ಟನ್ನು ಹೊರಗೆ ಹಾಕುವುದು, ತಂದೆಯಾದವನು ತನ್ನ ಮಗುವಿಗೆ ಕೊಡಬಹುದಾದ ಮೊದಲ ಉಡುಗೊರೆ.