ಕೂಲಿ ಬಾಕಿ ಇಟ್ಟು ಮೇಣದಬತ್ತಿ ಹಚ್ಚಬಹುದೇ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಹರಕೆ ಹೊತ್ತು ಬೆಟ್ಟ ಹತ್ತಿ ಬಂದಿದ್ದೀರಿ. ಒಳಗೆ ಹೋಗುವ ಮುಂಚೆ ಮತ್ತಾಯನ ಶುಭಸಂದೇಶ 5:23-24 ಓದಿಕೊಳ್ಳಿ. ಸಹೋದರನಿಗೆ ನಿಮ್ಮ ಮೇಲೆ ದೂರಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಅವನ ಹತ್ತಿರ ಹೋಗಿ ಅನ್ನುತ್ತಾರೆ ಯೇಸುಸ್ವಾಮಿ.

ಆ ಸಹೋದರ ದಾಯಾದಿಯೇ ಆಗಬೇಕಿಲ್ಲ. ಚನ್ನಗಿರಿಯಲ್ಲಿ ನಿಮ್ಮ ಅಡಿಕೆ ಸುಲಿದವಳು, ಹೊನ್ನಾಳಿ ಗದ್ದೆಯಲ್ಲಿ ನಾಟಿ ಹಾಕಿದವಳು, ಜಗಳೂರಿನಲ್ಲಿ ಮೆಕ್ಕೆಜೋಳ ಮುರಿದವನು. ಬೇರೆ ಜಾತಿ, ಬೇರೆ ಧರ್ಮದವರಾದರೂ ಅಷ್ಟೇ. "ಮಾಲು ಮಾರಿದ ಮೇಲೆ ಕೊಡ್ತೀನಿ, ನಾಳೆ ಬಾ" ಅನ್ನುವುದು ನಮಗೆ ಸಣ್ಣ ಮಾತು; ಅವರಿಗೆ ಅದು ಆ ರಾತ್ರಿಯ ಊಟ. ಧರ್ಮೋಪದೇಶಕಾಂಡ 24:15 ಗಡುವನ್ನೇ ಕೊಟ್ಟಿದೆ: ಹೊತ್ತು ಮುಳುಗುವುದರೊಳಗೆ. ಯಕೋಬನ ಪತ್ರ 5:4ರಲ್ಲಂತೂ ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ, ದೇವರು ಅದನ್ನು ಕೇಳಿಸಿಕೊಳ್ಳುತ್ತಾರೆ. (ನಮ್ಮ ಪ್ರಾರ್ಥನೆಗಿಂತ ಮುಂಚೆಯೇ ಕೇಳಿಸಿಕೊಂಡಿರಬಹುದು!)

ಮಳೆ ಕೈಕೊಟ್ಟ ವರ್ಷ ನಮ್ಮ ಹತ್ತಿರವೇ ದುಡ್ಡಿಲ್ಲ, ಏನ್ ಮಾಡೋದು ಅಂತ ಜಗಳೂರಿನ ರೈತರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಗಿದ್ದರೆ ಕೆಲಸಕ್ಕೆ ಕರೆಯುವಾಗಲೇ ಹೇಳಿಬಿಡಿ, ಇಷ್ಟು ಈಗ, ಉಳಿದದ್ದು ಇಂಥ ದಿನ ಅಂತ. ದುಡಿಸಿಕೊಂಡ ಮೇಲೆ ಹೇಳಿದರೆ ಅದು ಮೋಸ.

ಹರಕೆಗೆಂದು ತಂದ ದುಡ್ಡು ಅವರ ಬಾಕಿಯದ್ದಾದರೆ ಕಾಣಿಕೆ ಡಬ್ಬಿಗೆ ಹಾಕದೆ ವಾಪಸ್ ತೆಗೆದುಕೊಂಡು ಹೋಗಿ. ಮಾತೆಯವರು ಬೇಸರ ಮಾಡಿಕೊಳ್ಳುವುದಿಲ್ಲ.