ಜಿಪ್ಸಂ: ನಮ್ಮ ನೆಲದಲ್ಲಿ ದೊರೆಯದ, ನಮ್ಮ ನೆಲಕ್ಕೆ ಬೇಕಾದ ಖನಿಜ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ಗೊಬ್ಬರ ವ್ಯಾಪಾರಿಗಳಿಗೆ ಮತ್ತು ಸಹಕಾರಿ ಸಂಘಗಳಿಗೆ ಜಿಪ್ಸಂ ಪರಿಚಿತ ಸರಕು. ಆದರೆ ಅದನ್ನು ಕೊಳ್ಳುವಾಗ ಟನ್ನಿನ ದರವೊಂದನ್ನೇ ನೋಡಿದರೆ ಸಾಲದು. ಆ ಟನ್ನಿನೊಳಗೆ ಖನಿಜವೆಷ್ಟು, ನೀರೆಷ್ಟು, ಮಣ್ಣೆಷ್ಟು ಎಂಬುದನ್ನು ಅರಿಯದೆ ದರಗಳನ್ನು ಹೋಲಿಸುವುದರಿಂದ ವ್ಯಾಪಾರಿಗೂ ರೈತನಿಗೂ ನಷ್ಟವೇ. ಆದ್ದರಿಂದ ಈ ಖನಿಜದ ಗುಣಲಕ್ಷಣ, ಲಭ್ಯತೆ ಹಾಗೂ ಉಪಯೋಗಗಳನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

ಗುಣಲಕ್ಷಣಗಳು

ಜಿಪ್ಸಂ ಎಂದರೆ ನೀರಿನ ಅಂಶವುಳ್ಳ ಕ್ಯಾಲ್ಸಿಯಂ ಸಲ್ಫೇಟ್. ಆಯುರ್ವೇದದಲ್ಲಿ ಇದಕ್ಕೆ ಗೋದಂತಿ ಎಂಬ ಹೆಸರಿದೆ. ಶುದ್ಧ ಜಿಪ್ಸಮ್ಮಿನ ನೂರು ಕಿಲೋದಲ್ಲಿ ಸುಮಾರು 23 ಕಿಲೋ ಕ್ಯಾಲ್ಸಿಯಂ, 18.6 ಕಿಲೋ ಗಂಧಕ ಹಾಗೂ 21 ಕಿಲೋ ಹರಳಿನೊಳಗೆ ಬೆರೆತ ನೀರು ಇರುತ್ತದೆ. ಕಾಠಿಣ್ಯದ ಅಳತೆಯಲ್ಲಿ ಇದರ ಸ್ಥಾನ 2. ಉಗುರಿನಿಂದ ಗೀರಿದರೂ ಗುರುತು ಬೀಳುತ್ತದೆ. ಒಂದು ಲೀಟರ್ ಶುದ್ಧ ನೀರಿನಲ್ಲಿ ಸುಮಾರು 2.5 ಗ್ರಾಂ ಮಾತ್ರ ಕರಗುತ್ತದೆ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಹರಳಿನ ನೀರಿನ ಮುಕ್ಕಾಲು ಪಾಲು ಹೊರಟು ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗುತ್ತದೆ.

ಲಭ್ಯತೆ

ಆಳವಿಲ್ಲದ ಸಮುದ್ರ ಹಾಗೂ ಸರೋವರಗಳ ನೀರು ಆವಿಯಾದಾಗ ಜಿಪ್ಸಂ ಪದರಗಳು ಉಳಿಯುತ್ತವೆ. ನಮ್ಮ ಭಾಗದ ಬಹುಪಾಲು ನೆಲವಾದರೋ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದಾದ ಕಪ್ಪು ಶಿಲೆಯದು. ಇಂತಹ ಶಿಲೆಯಲ್ಲಿ ಗಣಿಗಾರಿಕೆಗೆ ಯೋಗ್ಯವಾದ ಜಿಪ್ಸಂ ನಿಕ್ಷೇಪವನ್ನು ಅಪೇಕ್ಷಿಸುವಂತಿಲ್ಲ. ದೇಶದ ಜಿಪ್ಸಂ ಸಂಪನ್ಮೂಲದಲ್ಲಿ ನೂರಕ್ಕೆ ಸುಮಾರು 80ರಷ್ಟು ರಾಜಸ್ಥಾನದಲ್ಲಿದ್ದು, ಬಿಕಾನೇರ್, ನಾಗೌರ್, ಜೈಸಲ್ಮೇರ್ ಜಿಲ್ಲೆಗಳು ಪ್ರಮುಖವಾಗಿವೆ. ಇದಲ್ಲದೆ ಫಾಸ್ಫೊರಿಕ್ ಆಮ್ಲದ ತಯಾರಿಕೆಯಲ್ಲಿ ಉಪ ಉತ್ಪನ್ನವಾಗಿ ಫಾಸ್ಫೋ ಜಿಪ್ಸಂ ದೊರೆಯುತ್ತದೆ. ಇದರಲ್ಲಿ ಸಲ್ಫೇಟ್ ಅಂಶ ಉತ್ತಮವಾಗಿದ್ದರೂ ತೇವಾಂಶ ಹೆಚ್ಚಾಗಿರುವ ಸಂಭವವಿದ್ದು, ಅಲ್ಪ ಪ್ರಮಾಣದ ಫ್ಲೋರೈಡ್ ಸಹ ಇರುತ್ತದೆ. ಹೀಗಾಗಿ ನಾವು ತರಿಸುವ ಸರಕಿನ ಬೆಲೆಯಲ್ಲಿ ಲಾರಿ ಬಾಡಿಗೆಯ ಪಾಲು ದೊಡ್ಡದು.

ಉಪಯೋಗಗಳು

ಸಿಮೆಂಟ್ ಬೇಗನೆ ಗಟ್ಟಿಯಾಗದಂತೆ ತಡೆಯಲು ಕ್ಲಿಂಕರ್ ಅರೆಯುವಾಗ ನೂರಕ್ಕೆ 3ರಿಂದ 5ರಷ್ಟು ಜಿಪ್ಸಂ ಸೇರಿಸುತ್ತಾರೆ. ಬಾಗಲಕೋಟೆ, ಕಲಬುರಗಿ ಜಿಲ್ಲೆಗಳ ಸಿಮೆಂಟ್ ಕಾರ್ಖಾನೆಗಳಿಗೂ ಇದು ಅನಿವಾರ್ಯ. ಛಾವಣಿಯ ಹಲಗೆ, ಗೋಡೆಯ ಗಿಲಾವು ಹಾಗೂ ಅಚ್ಚುಗಳ ತಯಾರಿಕೆಯಲ್ಲಿಯೂ ಇದರ ಬಳಕೆಯಿದೆ. ಶೇಂಗಾ ಬೆಳೆಗೆ ಹೂ ಬಿಡುವ ಹಂತದಲ್ಲಿ ಹೆಕ್ಟೇರಿಗೆ 500 ಕಿಲೋ ಜಿಪ್ಸಂ ಕೊಡುವುದು ರೂಢಿಯಲ್ಲಿರುವ ಶಿಫಾರಸು. ಕಾಯಿ ತುಂಬಲು ಬೇಕಾದ ಕ್ಯಾಲ್ಸಿಯಂ ಇದರಿಂದ ದೊರೆಯುತ್ತದೆ.

ನಮ್ಮ ಭಾಗಕ್ಕೆ ಮುಖ್ಯವಾದುದು ಮಣ್ಣಿನ ಸುಧಾರಣೆ. ಕೃಷ್ಣಾ ತೀರದ ಕಪ್ಪು ಭೂಮಿಗೆ ಕಬ್ಬಿನ ನೀರು ಅತಿಯಾದಲ್ಲಿ ಜಮೀನು ಸವಳು-ಜವಳಾಗುತ್ತದೆ. ಆದರೆ ಎಲ್ಲ ಸವಳಿಗೂ ಜಿಪ್ಸಂ ಮದ್ದಲ್ಲ. ಲವಣ ಮಾತ್ರ ಹೆಚ್ಚಿದ್ದು ಸೋಡಿಯಂ ಕಡಿಮೆಯಿದ್ದರೆ ಬಸಿಗಾಲುವೆ ತೆಗೆದು ಒಳ್ಳೆಯ ನೀರು ಹಾಯಿಸಿ ತೊಳೆಯುವುದೇ ಉಪಾಯ. ಪಿ.ಎಚ್. 8.5ಕ್ಕಿಂತ ಹೆಚ್ಚಿದ್ದು, ಮಣ್ಣಿನ ಕಣಗಳಿಗೆ ಅಂಟಿದ ಸೋಡಿಯಂ ನೂರಕ್ಕೆ 15ನ್ನು ಮೀರಿದ ಕ್ಷಾರ ಭೂಮಿಗೆ ಜಿಪ್ಸಂ ಬೇಕು. ಅದರ ಕ್ಯಾಲ್ಸಿಯಂ ಸೋಡಿಯಮ್ಮಿನ ಸ್ಥಾನವನ್ನು ಪಡೆಯುತ್ತದೆ. ಬಿಡುಗಡೆಯಾದ ಸೋಡಿಯಂ ಸಲ್ಫೇಟ್ ನೀರಿನೊಡನೆ ಹೊರಹೋಗಬೇಕು. ಒಂದು ಟನ್ ಜಿಪ್ಸಂ ಕರಗಲು ಶುದ್ಧ ನೀರಿನ ಲೆಕ್ಕದಲ್ಲಿ 4 ಲಕ್ಷ ಲೀಟರ್, ಅಂದರೆ ಎಕರೆಗೆ ಸುಮಾರು ನಾಲ್ಕು ಇಂಚು ನೀರು ಬೇಕಾಗುತ್ತದೆ. ಆ ನೀರಿಗೆ ಹೊರದಾರಿ ಇಲ್ಲದಿದ್ದರೆ ಹಾಕಿದ ಹಣ ಹೊಲದಲ್ಲಿಯೇ ಮುಳುಗಿದಂತೆ. ಆದಕಾರಣ ಮೊದಲು ಮಣ್ಣು ಪರೀಕ್ಷೆ, ಅನಂತರ ಬಸಿಗಾಲುವೆ, ಆಮೇಲೆ ಜಿಪ್ಸಂ ಎಂಬ ಕ್ರಮವನ್ನು ಪಾಲಿಸತಕ್ಕದ್ದು. ಗಂಧಕ ಪದ್ಧತಿಯಿಂದ ರಸ ಶುದ್ಧೀಕರಿಸುವ ಸಕ್ಕರೆ ಕಾರ್ಖಾನೆಗಳ ಪ್ರೆಸ್‌ಮಡ್‌ನಲ್ಲಿಯೂ ಗಂಧಕ ಮತ್ತು ಕ್ಯಾಲ್ಸಿಯಂ ಇರುವುದರಿಂದ ಅದು ಇದಕ್ಕೆ ಪೂರಕವಾಗಬಲ್ಲದು.

ಖರೀದಿಯ ಲೆಕ್ಕ

ಒಂದು ಉದಾಹರಣೆಯನ್ನು ನೋಡೋಣ. ದರಗಳು ಕೇವಲ ಲೆಕ್ಕಕ್ಕಾಗಿ. ಮೊದಲನೆಯ ಸರಕಿನ ಬೆಲೆ ಊರು ಮುಟ್ಟಿದಂತೆ ಟನ್ನಿಗೆ ರೂ. 4,000, ತೇವಾಂಶ ನೂರಕ್ಕೆ 5, ಒಣ ಸರಕಿನ ಶುದ್ಧತೆ 80. ಎರಡನೆಯದರ ಬೆಲೆ ರೂ. 3,400, ತೇವಾಂಶ 15, ಶುದ್ಧತೆ 70. ಮೊದಲನೆಯದರಲ್ಲಿ ಶುದ್ಧ ಜಿಪ್ಸಂ 760 ಕಿಲೋ. ಕಿಲೋಗೆ ಬಿದ್ದ ಬೆಲೆ ರೂ. 5.26. ಎರಡನೆಯದರಲ್ಲಿ 595 ಕಿಲೋ, ಕಿಲೋಗೆ ರೂ. 5.71. ಟನ್ನಿಗೆ 600 ರೂಪಾಯಿ ಅಗ್ಗವೆನಿಸಿದ ಸರಕೇ ವಾಸ್ತವದಲ್ಲಿ ತುಟ್ಟಿಯಾಯಿತು.

ಆದ್ದರಿಂದ ಖರೀದಿ ಆದೇಶದಲ್ಲಿ ಶುದ್ಧತೆ, ತೇವಾಂಶದ ಮಿತಿ, ಕಣಗಳ ಗಾತ್ರ ಹಾಗೂ ಕೊರತೆ ಬಂದರೆ ದರ ಕಡಿತದ ವಿಧಾನವನ್ನು ಬರೆಯಿಸಿಕೊಳ್ಳಬೇಕು. ತೇವಾಂಶ ಪರೀಕ್ಷೆಗೆ ಮಾದರಿಯನ್ನು ಸುಮಾರು 45 ಡಿಗ್ರಿಯಲ್ಲಿ ಒಣಗಿಸುವುದು ಸೂಕ್ತ. ಹೆಚ್ಚು ಕಾಯಿಸಿದರೆ ಹರಳಿನ ನೀರೂ ಹೋಗಿ ಲೆಕ್ಕ ತಪ್ಪುತ್ತದೆ. ನೈಸರ್ಗಿಕ ಜಿಪ್ಸಮ್ಮಿನ ಎಚ್‌ಎಸ್‌ಎನ್ ಶೀರ್ಷಿಕೆ 2520 ಆಗಿದ್ದು, ಬಿಲ್ಲಿನಲ್ಲಿ ಅದನ್ನು ಪರಿಶೀಲಿಸಬೇಕು. ನೋಂದಣಿಯಿಲ್ಲದ ರೈತನಿಗೆ ಜಿಎಸ್‌ಟಿ ಜಮೆ ದೊರೆಯದ ಕಾರಣ ತೆರಿಗೆಯೂ ಆತನ ವೆಚ್ಚವೇ. ಹೋಲಿಕೆಯನ್ನು ತೆರಿಗೆ ಹಾಗೂ ಬಾಡಿಗೆ ಸೇರಿಸಿಯೇ ಮಾಡತಕ್ಕದ್ದು.

ಸಂಘಗಳು ಒಟ್ಟಾಗಿ ಮಣ್ಣು ಪರೀಕ್ಷಾ ವರದಿಗಳನ್ನು ಕ್ರೋಡೀಕರಿಸಿ, ಅಗತ್ಯವಿರುವಷ್ಟನ್ನೇ ಪೂರ್ಣ ಲಾರಿ ಲೋಡಿನಲ್ಲಿ ತರಿಸಿದರೆ ಬಾಡಿಗೆಯೂ ತಗ್ಗುತ್ತದೆ, ಸರಕಿನ ಗುಣಮಟ್ಟವನ್ನು ಪ್ರಶ್ನಿಸುವ ಬಲವೂ ಬರುತ್ತದೆ. ದೂರದಿಂದ ಬರುವ ಈ ಖನಿಜದ ಪ್ರತಿ ಕಿಲೋ ಹೊಲಕ್ಕೆ ಸಾರ್ಥಕವಾಗುವುದು ಆಗಲೇ.