ಅಷ್ಟೂರಿನ ಜಾತ್ರೆ

ಬೀದರ್ ನಗರದ ಪೂರ್ವದಲ್ಲಿ ಅಷ್ಟೂರು ಎಂಬ ಗ್ರಾಮವಿದೆ. ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನು ತಂದ ಬಹಮನಿ ಸುಲ್ತಾನ ಒಂದನೆಯ ಅಹಮದ್ ಷಾನ (ಆಳ್ವಿಕೆ 1422–1436) ಸಮಾಧಿಯು ಇಲ್ಲಿದೆ. ಬರಗಾಲದಲ್ಲಿ ಈತನು ಪ್ರಾರ್ಥಿಸಲು ಮಳೆ ಸುರಿಯಿತೆಂದೂ, ಅಂದಿನಿಂದ ಜನರು ಈತನನ್ನು 'ವಲಿ', ಎಂದರೆ ಸಂತ, ಎಂದು ಕರೆದರೆಂದೂ ಪ್ರತೀತಿ.

ಈತನ ಉರುಸು ನಡೆಯುವುದು ಹಿಜರಿ ತಿಥಿಯಂತಲ್ಲ. ಹಿಂದೂ ಪಂಚಾಂಗದಂತೆ, ಹೋಳಿ ಹುಣ್ಣಿಮೆಯ ಬಳಿಕ. ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಭಕ್ತರೊಡನೆ ಬಂದು, ಶಂಖವನ್ನೂದಿ, ಗೋರಿಗೆ ಹೂವನ್ನು ಅರ್ಪಿಸುತ್ತಾರೆ. ಮುಸಲ್ಮಾನರಿಗೆ ವಲಿಯಾದವನು ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭುವಿನ ಅವತಾರ. ಇವೆರಡರಲ್ಲಿ ಯಾವುದು ನಿಜವೆಂದು ಜಾತ್ರೆಗೆ ಬಂದವರು ವಾದಿಸುವುದಿಲ್ಲ.

ಬಹಮನಿ ರಾಜ್ಯವು ಅಳಿದುಹೋಯಿತು. ಅರಸನ ಖಡ್ಗವು ಉಳಿಸಿಕೊಳ್ಳಲಾರದುದನ್ನು ಜನರ ಭಕ್ತಿಯು ಉಳಿಸಿಕೊಂಡಿದೆ. ವಿದ್ಯಾರ್ಥಿಗಳೇ, ಈ ಹಿರಿಯ ಸೊತ್ತನ್ನು ಕಾಯುವ ಹೊಣೆ ಇನ್ನು ನಿಮ್ಮದು.